ವಾಸನೆಗೆ ಅಂಜುವವರು ರಕ್ತಕ್ಕೇಕೆ ಅಂಜುವುದಿಲ್ಲ?

ಬಾಯಿ ವಾಸನೆಯ ಚಿಂತೆ ಹೊತ್ತು ದಂತವೈದ್ಯರ ಹತ್ತಿರ ಬರುವವರು ಹೇಳುವ ಕಥೆ ಸಾಮಾನ್ಯವಾಗಿ ಉದ್ದವಾಗಿರುತ್ತದೆ. ಪೇಸ್ಟ್ ಬದಲಿಸಿದ್ದು, ಮೌತ್‌ವಾಶ್ ಬದಲಿಸಿದ್ದು, ಹೊಟ್ಟೆಯ ಡಾಕ್ಟರ ಹತ್ತಿರ ಹೋಗಿ ಬಂದದ್ದು, ಮಾತಾಡುವಾಗ ಕೈ ಅಡ್ಡ ಹಿಡಿಯುವುದು, ಯಾರ ಪಕ್ಕದಲ್ಲೂ ನೆಮ್ಮದಿಯಾಗಿ ಕೂರಲಾಗದಿರುವುದು, ಹೀಗೆ ಎಲ್ಲವೂ ವಿವರವಾಗಿ ಬರುತ್ತದೆ. ಆದರೆ "ಹಲ್ಲುಜ್ಜುವಾಗ ರಕ್ತ ಬರುತ್ತದೆಯೇ?" ಎಂದು ಕೇಳಿದರೆ ಉತ್ತರ ಚುಟುಕಾಗಿ ಮುಗಿದುಬಿಡುತ್ತದೆ: "ಹ್ಞಾಂ, ಸ್ವಲ್ಪ ಬರುತ್ತೆ, ಅದು ಮೊದಲಿಂದಲೂ ಇದೆ." ವಾಸನೆ ಇನ್ನೊಬ್ಬರ ಮೂಗಿಗೆ ಬಡಿಯುವಂಥದ್ದು, ಹಾಗಾಗಿ ನಾಚಿಕೆ. ರಕ್ತ ಕಾಣುವುದು ನಮಗೊಬ್ಬರಿಗೇ. ನೀರು ಬಿಟ್ಟರೆ ಸಿಂಕಿನಲ್ಲಿ ಕೊಚ್ಚಿಹೋಗುತ್ತದೆ, ಯಾರಿಗೂ ತಿಳಿಯುವುದಿಲ್ಲ. ಅಂಗೈಯಲ್ಲಿ ದಿನವೂ ಎರಡು ಹೊತ್ತು ರಕ್ತ ಜಿನುಗಿದರೆ ಯಾರೂ ವರ್ಷಗಟ್ಟಲೆ ಸುಮ್ಮನಿರುವುದಿಲ್ಲ. ವಸಡಿನ ವಿಷಯದಲ್ಲಿ ಮಾತ್ರ ಇಷ್ಟೊಂದು ಉದಾಸೀನ.

ಈ ಎರಡು ದೂರುಗಳೂ ಎಷ್ಟೋ ಸಲ ಒಂದೇ ಜಾಗದಿಂದ ಹೊರಟಿರುತ್ತವೆ. ಎರಡರಲ್ಲಿ ಹೆಚ್ಚು ನಂಬಬಹುದಾದ ಸೂಚನೆ ರಕ್ತವೇ. ವಾಸನೆ ಹೊತ್ತಿನಿಂದ ಹೊತ್ತಿಗೆ ಏರಿಳಿಯುತ್ತದೆ, ಅದನ್ನು ಮುಚ್ಚಿಡಲೂಬಹುದು. ರಕ್ತ ಬರುವ ಜಾಗ ಮಾತ್ರ ಇಂಥ ಹಲ್ಲಿನ ಇಂಥ ಬದಿ ಎಂದು ಬೆರಳಿಟ್ಟು ತೋರಿಸುವಷ್ಟು ಖಚಿತ. ಹೀಗಿದ್ದೂ ಹೆಚ್ಚಿನವರು ಮಾಡುವುದು ಉಲ್ಟಾ. ರಕ್ತ ಬರುವ ಕಡೆ ಬ್ರಷ್ ಮುಟ್ಟಿಸುವುದನ್ನು ಬಿಡುತ್ತಾರೆ, ವಾಸನೆಗೆ ಘಮಘಮಿಸುವ ದ್ರವ ಮುಕ್ಕಳಿಸುತ್ತಾರೆ.

ಹೊಟ್ಟೆಯಲ್ಲ, ಬಾಯಿಯೇ

ಬಿಟ್ಟೂಬಿಡದೆ ಕಾಡುವ ಬಾಯಿ ವಾಸನೆಯಲ್ಲಿ ಹತ್ತಕ್ಕೆ ಎಂಟೊಂಬತ್ತು ಪಾಲು ಹುಟ್ಟುವುದು ಬಾಯಿಯ ಒಳಗೇ. ಅನ್ನನಾಳ ನುಂಗುವಾಗ, ತೇಗುವಾಗ ತೆರೆದುಕೊಳ್ಳುತ್ತದೆ, ಉಳಿದ ಹೊತ್ತು ಮುಚ್ಚಿಕೊಂಡೇ ಇರುತ್ತದೆ. ಆದ್ದರಿಂದ ಹೊಟ್ಟೆಯ ಗಾಳಿ ಇಡೀ ದಿನ ಬಾಯಿಗೆ ಬರುತ್ತಿರುತ್ತದೆ ಎಂಬ ನಂಬಿಕೆಗೆ ಆಧಾರ ಕಡಿಮೆ. ಇದು ಗೊತ್ತಿಲ್ಲದೆ ತಿಂಗಳುಗಟ್ಟಲೆ ಗ್ಯಾಸಿನ ಮಾತ್ರೆ ನುಂಗುವವರನ್ನು ಕಂಡಾಗ ಸಂಕಟವಾಗುತ್ತದೆ.

ವಾಸನೆಯ ರಸಾಯನ ಸರಳ. ಬಾಯಿಯಲ್ಲಿ ಗಾಳಿ ಆಡದ ಕಡೆ ವಾಸಿಸುವ ಬ್ಯಾಕ್ಟೀರಿಯಾಗಳು ಪ್ರೋಟೀನನ್ನು ಒಡೆದು ಬದುಕುತ್ತವೆ. ಉದುರಿದ ಚರ್ಮಕೋಶ, ಎಂಜಲಿನ ಪ್ರೋಟೀನು, ರಕ್ತ, ಆಹಾರದ ಚೂರು ಎಲ್ಲವೂ ಅವಕ್ಕೆ ಮೇವು. ಪ್ರೋಟೀನಿನಲ್ಲಿರುವ ಸಿಸ್ಟೀನ್ ಮತ್ತು ಮಿಥಿಯೋನಿನ್ ಎಂಬ ಅಮೈನೋ ಆಮ್ಲಗಳಲ್ಲಿ ಗಂಧಕವಿದೆ. ಸಿಸ್ಟೀನ್ ಒಡೆದಾಗ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್, ಮಿಥಿಯೋನಿನ್ ಒಡೆದಾಗ ಕೊಳೆತ ಎಲೆಕೋಸಿನಂಥ ಮೀಥೈಲ್ ಮರ್‌ಕ್ಯಾಪ್ಟನ್ ಹೊರಬೀಳುತ್ತವೆ. ಜೊತೆಗೆ ಕೆಲವು ಅಮೈನುಗಳು, ಕೊಬ್ಬಿನಾಮ್ಲಗಳೂ ಸೇರುತ್ತವೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಜೋಸೆಫ್ ಟೋನ್ಸೆಟಿಕ್ 1960 ಮತ್ತು 70ರ ದಶಕಗಳಲ್ಲಿ ಈ ಗಂಧಕದ ಅನಿಲಗಳನ್ನು ಒಂದೊಂದಾಗಿ ಬೇರ್ಪಡಿಸಿ ಅಳೆದರು. ಅಲ್ಲಿಯವರೆಗೆ ಮೂಗಿನ ಅಂದಾಜಿನಲ್ಲಿದ್ದ ವಿಷಯ ಅಳತೆಯ ವಿಷಯವಾಯಿತು.

ಈ ಬ್ಯಾಕ್ಟೀರಿಯಾಗಳಿಗೆ ಒಳ್ಳೆಯ ಆಸರೆ ಎರಡು. ಒಂದು, ನಾಲಿಗೆಯ ಹಿಂಭಾಗ. ಎರಡು, ಹಲ್ಲು ಮತ್ತು ವಸಡಿನ ನಡುವಿನ ಸಂದು. ವಸಡು ಆರೋಗ್ಯವಾಗಿದ್ದೂ ವಾಸನೆ ಇರುವವರಲ್ಲಿ ಸಾಮಾನ್ಯವಾಗಿ ನಾಲಿಗೆಯೇ ಮುಖ್ಯ ಕಾರಣ. ವಸಡಿನ ರೋಗ ಇರುವವರಲ್ಲಿ ಎರಡೂ ಕೂಡಿಕೊಳ್ಳುತ್ತವೆ, ಮೀಥೈಲ್ ಮರ್‌ಕ್ಯಾಪ್ಟನ್ನಿನ ಪಾಲು ಏರುತ್ತದೆ. ಸೋಂಕು ತಗುಲಿದ ಸಂದಿನಿಂದ ಸದಾ ಜಿನುಗುವ ದ್ರವದಲ್ಲಿ ರಕ್ತದ ಪ್ರೋಟೀನುಗಳು ಧಾರಾಳವಾಗಿರುವುದೇ ಇದಕ್ಕೆ ಕಾರಣ. ಇದೇ ಅನಿಲಗಳು ಬಾಯಿಯ ಒಳಪದರವನ್ನು ಸಡಿಲಗೊಳಿಸಿ ಬೇರೆ ವಿಷವಸ್ತುಗಳು ಒಳಗಿಳಿಯಲು ದಾರಿ ಮಾಡಿಕೊಡುತ್ತವೆ ಎಂಬುದೂ ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ. ಹಾಗಂತ ಇವೆರಡನ್ನೂ ಸಮೀಕರಿಸಿಬಿಡಬಾರದು. ವಸಡಿನ ರೋಗ ಇದ್ದೂ ವಾಸನೆ ಬಾರದವರಿದ್ದಾರೆ, ವಾಸನೆ ಇದ್ದೂ ವಸಡು ಗಟ್ಟಿ ಇರುವವರೂ ಇದ್ದಾರೆ.

ಬೆಳಗ್ಗೆ ಎದ್ದಾಗಿನ ವಾಸನೆ ಬೇರೆ ಲೆಕ್ಕ. ನಿದ್ದೆಯಲ್ಲಿ ಎಂಜಲು ಸುರಿಯುವುದು ಬಹುತೇಕ ನಿಂತುಹೋಗುತ್ತದೆ, ಬಾಯಿ ತೊಳೆಯುವವರಿಲ್ಲ. ಹಲ್ಲುಜ್ಜಿ, ಏನಾದರೂ ತಿಂದ ಮೇಲೆ ಅದು ಹೋದರೆ ಚಿಂತಿಸಬೇಕಿಲ್ಲ. ಆದರೆ ಅಲರ್ಜಿ, ಖಿನ್ನತೆ, ರಕ್ತದೊತ್ತಡಕ್ಕೆ ಕೊಡುವ ಎಷ್ಟೋ ಮಾತ್ರೆಗಳು ಹಗಲಿನಲ್ಲೂ ಬಾಯಿ ಒಣಗಿಸುತ್ತವೆ. ಬಾಯಿಯಿಂದ ಉಸಿರಾಡುವ ಅಭ್ಯಾಸವೂ ಅಷ್ಟೇ. ಅಂಥವರಿಗೆ ಬೆಳಗಿನ ಬಾಯಿ ಇಡೀ ದಿನ ಮುಂದುವರಿಯುತ್ತದೆ.

ಆರ್ಹಸ್‌ನ ಹನ್ನೆರಡು ಬಾಯಿಗಳು

ರಕ್ತ ಬಂದರೆ ಬ್ರಷ್ ದೂರ ಇಡಬೇಕು ಎಂಬ ನಂಬಿಕೆಯನ್ನು ಒಂದೇ ಒಂದು ಪ್ರಯೋಗ ಬುಡಮೇಲು ಮಾಡಿದೆ. ಡೆನ್ಮಾರ್ಕಿನ ಆರ್ಹಸ್‌ನಲ್ಲಿ ಹೆರಾಲ್ಡ್ ಲೋ ಮತ್ತು ಸಂಗಡಿಗರು 1965ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ವಸಡು ಚೆನ್ನಾಗಿದ್ದ 12 ಜನರು, ಅವರಲ್ಲಿ ಹೆಚ್ಚಿನವರು ದಂತವೈದ್ಯಕೀಯ ವಿದ್ಯಾರ್ಥಿಗಳು, ಹಲ್ಲುಜ್ಜುವುದನ್ನು ಪೂರ್ತಿ ನಿಲ್ಲಿಸಿದರು. ಹಲ್ಲಿನ ಬುಡದಲ್ಲಿ ಲೋಳೆಯಂಥ ಪ್ಲಾಕ್ ಕಟ್ಟುತ್ತ ಹೋಯಿತು. ಮೊದಲು ಸಾದಾ ಗುಂಡು ಬ್ಯಾಕ್ಟೀರಿಯಾ, ಆಮೇಲೆ ಎಳೆಯಂಥವು, ಕೊನೆಗೆ ಸುರುಳಿಯಂಥವು ಬಂದು ನೆಲೆಸಿದವು. 10ರಿಂದ 21 ದಿನಗಳ ಒಳಗೆ 12 ಜನರ ವಸಡೂ ಊದಿಕೊಂಡಿತು. ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ. ಮತ್ತೆ ಶುಚಿಗೊಳಿಸಲು ಶುರುಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ವಸಡು ಮೊದಲಿನ ಸ್ಥಿತಿಗೆ ಬಂತು.

ಮಾತ್ರೆಯಿಲ್ಲ, ಇಂಜೆಕ್ಷನ್ನಿಲ್ಲ. ಪ್ಲಾಕ್ ಬಂದಾಗ ಊತ ಬಂತು, ಪ್ಲಾಕ್ ಹೋದಾಗ ಊತ ಹೋಯಿತು. ಈ ಹಂತದ ರೋಗಕ್ಕೆ ಜಿಂಜಿವೈಟಿಸ್ ಎನ್ನುತ್ತಾರೆ, ಇದು ಪೂರ್ತಿ ವಾಸಿಯಾಗುವಂಥದ್ದು. ಆರೋಗ್ಯದ ವಸಡಿಗೆ ಮೆದು ಬ್ರಷ್ ತಾಗಿದರೆ ರಕ್ತ ಬರುವುದಿಲ್ಲ. ಬಂದರೆ ಅಲ್ಲಿ ಊತ ಇದೆ ಎಂದರ್ಥ. ಊತ ಇರುವುದು ಅಲ್ಲಿ ಪ್ಲಾಕ್ ಇರುವುದರಿಂದ. ಆ ಜಾಗ ಬಿಟ್ಟು ಉಜ್ಜಿದರೆ ಪ್ಲಾಕ್ ಇನ್ನಷ್ಟು ದಪ್ಪವಾಗುತ್ತದೆ, ನಾಳೆ ಇನ್ನಷ್ಟು ರಕ್ತ ಬರುತ್ತದೆ.

ಈ ಹಂತ ದಾಟಿದರೆ ಪೆರಿಯೊಡಾಂಟೈಟಿಸ್. ಆಗ ಹಲ್ಲನ್ನು ಹಿಡಿದಿಟ್ಟಿರುವ ನಾರು ಮತ್ತು ಮೂಳೆ ಕರಗತೊಡಗುತ್ತವೆ. ಎಲ್ಲರಿಗೂ ಹೀಗಾಗುವುದಿಲ್ಲ. ಸಿಗರೇಟು ಸೇದುವವರಲ್ಲಿ, ಹತೋಟಿಯಲ್ಲಿಲ್ಲದ ಮಧುಮೇಹ ಇರುವವರಲ್ಲಿ ಬೇಗ ಆಗುತ್ತದೆ. ಮಧುಮೇಹದ ನಂಟು ಎರಡೂ ಕಡೆಯದು: ಸಕ್ಕರೆ ಏರಿದರೆ ವಸಡು ಕೆಡುತ್ತದೆ, ವಸಡಿನ ಊತ ಸಕ್ಕರೆಯನ್ನು ಹತೋಟಿಗೆ ತರಲು ಬಿಡುವುದಿಲ್ಲ. ಕರಗಿದ ಮೂಳೆ ಬಹುತೇಕ ಮರಳುವುದಿಲ್ಲ. ಇಷ್ಟೆಲ್ಲ ನೋವಿಲ್ಲದೆ ನಡೆಯುತ್ತದೆ, ಹಲ್ಲು ಅಲ್ಲಾಡುವವರೆಗೂ ತಿಳಿಯದಿರಬಹುದು.

ಸಿಗರೇಟಿನ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಸೇದುವವರ ವಸಡಿನಲ್ಲಿ ರಕ್ತ ಬರುವುದು ಕಡಿಮೆಯಾಗುತ್ತದೆ. ವಸಡು ಪೇಲವವಾಗಿ, ಗಟ್ಟಿಯಾಗಿ ಕಾಣುತ್ತದೆ, ಒಳಗೆ ಮೂಳೆ ಇಳಿಯುತ್ತಲೇ ಇರುತ್ತದೆ. ಅವರು ರಕ್ತ ಬಂದಾಗ ನೋಡೋಣ ಎಂದು ಕಾಯುವಂತಿಲ್ಲ, ವಸಡಿನ ಸಂದಿನ ಆಳ ಅಳೆಸಲೇಬೇಕು.

ಅಳತೆಕಡ್ಡಿ ಹೇಳುವುದು

ವಸಡಿನ ಪರೀಕ್ಷೆ ಎಂದರೆ ಬಾಯಿಗೆ ಟಾರ್ಚ್ ಹಿಡಿದು "ಕ್ಲೀನಿಂಗ್ ಮಾಡಿಸಿ" ಎನ್ನುವುದಲ್ಲ. ಪ್ರೋಬ್ ಎಂಬ ತೆಳು ಲೋಹದ ಕಡ್ಡಿಯೊಂದಿದೆ. ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಮೊಂಡು ತುದಿ, ಮೈಮೇಲೆ ಮಿಲಿಮೀಟರಿನ ಗೆರೆಗಳು. ಅದನ್ನು ಹಲ್ಲಿಗೆ ಒರಗಿಸಿ ವಸಡಿನ ಅಂಚಿನ ಕೆಳಗೆ ಇಳಿಸುತ್ತಾರೆ. ಒತ್ತಡ ಸುಮಾರು 25 ಗ್ರಾಂ ತೂಕದಷ್ಟು. ಉಗುರಿನ ಸಂದಿಯಲ್ಲಿ ಇಟ್ಟು ಒತ್ತಿದರೂ ನೋವಾಗದಷ್ಟು ಹಗುರ. ಕಡ್ಡಿ ತಡೆದು ನಿಂತಲ್ಲಿ ಎಷ್ಟನೇ ಗೆರೆ ವಸಡಿನ ಅಂಚಿಗೆ ಬಂತು ಎಂದು ಓದುತ್ತಾರೆ. ಒಂದು ಹಲ್ಲಿಗೆ ಆರು ಕಡೆ: ತುಟಿಯ ಬದಿ ಮೂರು, ನಾಲಿಗೆಯ ಬದಿ ಮೂರು. 28 ಹಲ್ಲಿದ್ದರೆ 168 ಅಂಕಿಗಳು. ಒಂದರಿಂದ ಮೂರು ಮಿಲಿಮೀಟರ್ ಇದ್ದರೆ ಸರಿ. ನಾಲ್ಕು ಅಥವಾ ಅದಕ್ಕಿಂತ ಹೆಚ್ಚಿದ್ದು, ಜೊತೆಗೆ ರಕ್ತವೂ ಬಂದರೆ ಅದು ಪಾಕೆಟ್, ಅಂದರೆ ರೋಗದಿಂದ ಆಳವಾದ ಸಂದು. ಕಡ್ಡಿ ತೆಗೆದ ಮೇಲೆ ಕೆಲವು ಕ್ಷಣ ಕಾದು ನೋಡುತ್ತಾರೆ. ಕೆಲವು ಕಡೆ ಏನೂ ಆಗುವುದಿಲ್ಲ, ಕೆಲವು ಕಡೆ ಕೆಂಪು ಚುಕ್ಕೆ ಮೂಡುತ್ತದೆ, ಕೆಲವು ಕಡೆ ಹಲ್ಲಿನ ಬುಡದುದ್ದಕ್ಕೂ ಹರಿಯುತ್ತದೆ, ಅಪರೂಪಕ್ಕೆ ಕೀವೂ ಬರುತ್ತದೆ.

ಆರು ಮಿಲಿಮೀಟರಿನ ಪಾಕೆಟ್ಟಿನ ತಳಕ್ಕೆ ಬ್ರಷ್ಷಿನ ಎಳೆ ತಲುಪುವುದಿಲ್ಲ, ಮೌತ್‌ವಾಶೂ ಇಳಿಯುವುದಿಲ್ಲ. ಅಲ್ಲಿ ಗಾಳಿಯಿಲ್ಲ, ರಕ್ತದ ಪ್ರೋಟೀನು ನಿರಂತರ. ಪಾರ್ಫಿರೋಮೊನಾಸ್ ಜಿಂಜಿವಾಲಿಸ್, ಟ್ರೆಪೊನೆಮಾ ಡೆಂಟಿಕೋಲಾ, ಟ್ಯಾನರೆಲ್ಲಾ ಫೋರ್ಸಿಥಿಯಾ ಎಂಬ ಮೂರು ಬ್ಯಾಕ್ಟೀರಿಯಾಗಳು ಇಂಥ ಕಡೆ ಒಟ್ಟಿಗೆ ಸಿಗುತ್ತವೆ. ವಸಡು ಕೆಡಿಸುವ ಇವೇ ಗಂಧಕದ ಅನಿಲವನ್ನೂ ಹೇರಳವಾಗಿ ಬಿಡುತ್ತವೆ.

ಮನೆಯಲ್ಲೇ ತಿಳಿಯುವುದು ಹೇಗೆ

ಅಂಗೈಗೆ ಉಸಿರು ಊದಿ ಮೂಸುವುದರಿಂದ ಪ್ರಯೋಜನವಿಲ್ಲ. ನಮ್ಮ ಮೂಗು ನಮ್ಮ ಬಾಯಿಗೆ ಒಗ್ಗಿಹೋಗಿರುತ್ತದೆ. ಅದಕ್ಕಿಂತ ಫ್ಲಾಸ್ ದಾರ ಹೆಚ್ಚು ಹೇಳುತ್ತದೆ. ವಾಸನೆಯಿಲ್ಲದ ದಾರ ತೆಗೆದುಕೊಂಡು ದವಡೆ ಹಲ್ಲುಗಳ ಒಂದು ಸಂದಿಗೆ ಇಳಿಸಿ, ತೆಗೆದು ಮೂಸಿ. ದಾರ ಒರೆಸಿ ಮುಂದಿನ ಸಂದಿಗೆ ಹೋಗಿ. ಒಂದು ಸಂದಿಯಲ್ಲಿ ಏನೂ ಇರುವುದಿಲ್ಲ, ಪಕ್ಕದ ಸಂದಿಯಲ್ಲಿ ಮುಖ ಹಿಂದೆ ಸರಿಯುವಷ್ಟು ವಾಸನೆ, ದಾರದಲ್ಲಿ ರಕ್ತದ ಗೆರೆ. ಆ ಸಂದಿ ಯಾವುದೆಂದು ಬರೆದಿಟ್ಟುಕೊಳ್ಳಿ. ಅಲ್ಲಿ ಪಾಕೆಟ್ ಇರಬಹುದು, ಹುಳುಕಿರಬಹುದು, ಇಲ್ಲವೇ ಅಂಚು ಕೂಡದ ಹಳೆಯ ಕ್ಯಾಪ್ ಅಥವಾ ಫಿಲ್ಲಿಂಗ್ ಆಹಾರ ಹಿಡಿದಿಡುತ್ತಿರಬಹುದು. ನಾಲಿಗೆಗೆ ಪ್ಲಾಸ್ಟಿಕ್ ಚಮಚದಿಂದ ಹಿಂಭಾಗವನ್ನು ಮೆಲ್ಲಗೆ ಕೆರೆದು, ಬಂದ ಲೋಳೆಯನ್ನು ಐದಾರು ಸೆಕೆಂಡು ಬಿಟ್ಟು ಮೂಸಬೇಕು.

ಇನ್ನೊಂದು ಪರೀಕ್ಷೆಗೆ ನಂಬಿಕೆಯ ಒಬ್ಬರು ಬೇಕು. ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ, ಆಮೇಲೆ ಮೂಗು ಹಿಡಿದು ಬಾಯಿಯಿಂದ ಬಿಡಿ. ಬಾಯಿಯಿಂದ ಮಾತ್ರ ವಾಸನೆ ಬಂದರೆ ಮೂಲ ಬಾಯಿ ಅಥವಾ ಗಂಟಲು. ಮೂಗಿನಿಂದ ಮಾತ್ರ ಬಂದರೆ ಮೂಗು, ಸೈನಸ್. ಎರಡರಿಂದಲೂ ಒಂದೇ ಥರ ಬಂದರೆ ಶ್ವಾಸಕೋಶದಿಂದ ಬರುತ್ತಿರಬಹುದು, ಅಂದರೆ ರಕ್ತದಲ್ಲೇ ಏನೋ ಇದೆ. ಬೆಳ್ಳುಳ್ಳಿ ತಿಂದಾಗ ಎಷ್ಟು ಉಜ್ಜಿದರೂ ವಾಸನೆ ಹೋಗದಿರುವುದು ಹೀಗೆಯೇ.

ಕೈ ಎಲ್ಲಿ ತಪ್ಪುತ್ತದೆ

ಉಜ್ಜುವವರಿಗೂ ವಾಸನೆ ಇರುವುದೇಕೆ ಎಂದರೆ, ಬ್ರಷ್ ಹಲ್ಲಿನ ಹೊಟ್ಟೆಯ ಮೇಲೆ ಓಡಾಡುತ್ತದೆ, ಬುಡಕ್ಕೆ ಇಳಿಯುವುದಿಲ್ಲ. ಮೆದು ಬ್ರಷ್ಷನ್ನು ಹಲ್ಲಿಗೆ 45 ಡಿಗ್ರಿ ಓರೆಯಾಗಿ, ಎಳೆಗಳ ತುದಿ ವಸಡಿನ ಅಂಚಿಗೆ ತಾಗುವಂತೆ ಇಡಿ. ಎರಡೆರಡು ಹಲ್ಲಿಗೆ ಹತ್ತರಷ್ಟು ಸಣ್ಣ ಅಲುಗಾಟ, ಆಮೇಲೆ ಮುಂದಿನ ಎರಡಕ್ಕೆ. ಜೋರಾಗಿ ಗರಗಸದಂತೆ ಎಳೆದರೆ ವಸಡು ಇಳಿಯುತ್ತದೆ, ಹಲ್ಲಿನ ಬುಡ ಸವೆಯುತ್ತದೆ, ಸಂದಿ ಮಾತ್ರ ಹಾಗೇ ಉಳಿಯುತ್ತದೆ. ಬಟಾಣಿ ಗಾತ್ರದ ಫ್ಲೋರೈಡ್ ಪೇಸ್ಟ್, ಎರಡು ನಿಮಿಷ, ದಿನಕ್ಕೆರಡು ಸಲ. ಕೆಳಗಿನ ಮುಂದಿನ ಹಲ್ಲುಗಳ ಒಳಬದಿಗೆ ಬ್ರಷ್ಷನ್ನು ನೆಟ್ಟಗೆ ಹಿಡಿಯಬೇಕು. ನಾಲಿಗೆಯಡಿಯ ಎಂಜಲಿನ ನಾಳ ತೆರೆಯುವುದು ಅಲ್ಲೇ ಆದ್ದರಿಂದ ಪ್ಲಾಕ್ ಬೇಗ ಕಲ್ಲಿನಂತೆ ಗಟ್ಟಿಯಾಗಿ ಟಾರ್ಟರ್ ಆಗುತ್ತದೆ. ಕೊನೆಯ ದವಡೆ ಹಲ್ಲಿನ ಹಿಂಬದಿ ಎಲ್ಲರೂ ಮರೆಯುವ ಜಾಗ. ಬಾಯಿ ಪೂರ್ತಿ ತೆರೆದರೆ ಕೆನ್ನೆ ಬಿಗಿದು ಬ್ರಷ್ ಹೋಗುವುದಿಲ್ಲ, ಅರ್ಧ ಮುಚ್ಚಿದರೆ ಸಡಿಲವಾಗಿ ಜಾಗ ಸಿಗುತ್ತದೆ.

ಹಲ್ಲಿನ ಸಂದಿಗೆ ಬೇರೆಯದೇ ಸಾಧನ ಬೇಕು. ಬಿಗಿಯಾದ ಸಂದಿಗೆ ಫ್ಲಾಸ್: 45 ಸೆಂಟಿಮೀಟರಿನಷ್ಟು ದಾರ ಬೆರಳಿಗೆ ಸುತ್ತಿ, ಗರಗಸದಂತೆ ಮೆಲ್ಲಗೆ ಇಳಿಸಿ, ಒಂದು ಹಲ್ಲನ್ನು ಅಪ್ಪುವಂತೆ ಬಳಸಿ, ವಸಡಿನ ಅಂಚಿನ ಸ್ವಲ್ಪ ಕೆಳಗಿನಿಂದ ಮೇಲಕ್ಕೆ ಎಳೆಯಬೇಕು, ಆಮೇಲೆ ಪಕ್ಕದ ಹಲ್ಲಿಗೆ ಹಾಗೆಯೇ. ಮೂಳೆ ಇಳಿದು ಸಂದಿ ಅಗಲವಾದವರಿಗೆ ದಾರ ಸಾಲದು. ದವಡೆ ಹಲ್ಲಿನ ಬೇರಿನ ಪಕ್ಕಗಳು ಒಳಕ್ಕೆ ತಗ್ಗಾಗಿರುತ್ತವೆ, ದಾರ ಆ ತಗ್ಗನ್ನು ಮುಟ್ಟದೆ ಮೇಲಿಂದಲೇ ಹಾದುಹೋಗುತ್ತದೆ. ಅಲ್ಲಿಗೆ ಸಂದಿಯ ಬ್ರಷ್, ಅಂದರೆ ಇಂಟರ್‌ಡೆಂಟಲ್ ಬ್ರಷ್ ಬೇಕು. ಎಳೆಗಳು ಎರಡೂ ಬದಿ ಒತ್ತಿಕೊಳ್ಳಬೇಕು, ನಡುವಿನ ತಂತಿ ಹಲ್ಲಿಗೆ ಉಜ್ಜಬಾರದು. ಒಂದೇ ಬಾಯಿಗೆ ಎರಡು ಮೂರು ಅಳತೆ ಬೇಕಾಗುವುದು ಸಾಮಾನ್ಯ. ಶುರುವಿನ ದಿನಗಳಲ್ಲಿ ರಕ್ತ ಬರುತ್ತದೆ, ಹೆದರಿ ನಿಲ್ಲಿಸಬೇಡಿ. ಎರಡು ವಾರ ಬಿಡದೆ ಮಾಡಿದ ಮೇಲೂ ಒಂದು ಜಾಗ ಹಠ ಹಿಡಿದು ರಕ್ತ ಸುರಿಸುತ್ತಿದ್ದರೆ ಅಲ್ಲಿ ಟಾರ್ಟರ್ ಅಥವಾ ಪಾಕೆಟ್ ಇದೆ, ಮನೆಯ ಕೆಲಸಕ್ಕೆ ಬಗ್ಗುವಂಥದ್ದಲ್ಲ.

ನಾಲಿಗೆಯನ್ನು ಹೆಚ್ಚಿನವರು ಮುಂದಿನ ಅರ್ಧ ಮಾತ್ರ ಕೆರೆಯುತ್ತಾರೆ. ವಾಸನೆ ಇರುವುದು ಹಿಂದಿನ ಮೂರನೇ ಒಂದು ಭಾಗದಲ್ಲಿ. ನಾಲಿಗೆ ಹೊರಚಾಚಿ, ತುದಿಯನ್ನು ಬಟ್ಟೆಯಲ್ಲಿ ಹಿಡಿದು, ಉಸಿರು ಹೊರಬಿಡುತ್ತ ಟಂಗ್ ಕ್ಲೀನರನ್ನು ಆದಷ್ಟು ಹಿಂದಿಟ್ಟು ಮುಂದಕ್ಕೆ ಎಳೆಯಿರಿ. ಉಸಿರು ಬಿಡುವಾಗ ಓಕರಿಕೆ ಕಡಿಮೆ. ನಾಲ್ಕೈದು ಸಲ ಸಾಕು, ನಾಲಿಗೆ ಉರಿಯುವಷ್ಟು ಬೇಡ. ತೀರಾ ಹಿಂದೆ ಸಾಲಾಗಿ ಕಾಣುವ ಹತ್ತರಷ್ಟು ಗುಂಡು ಉಬ್ಬುಗಳನ್ನು ಗಂಟೆಂದು ಹೆದರಿ ಕೆರೆಯುವವರಿದ್ದಾರೆ. ಅವು ಎಲ್ಲರ ನಾಲಿಗೆಯಲ್ಲೂ ಇರುವ ರುಚಿಯ ಮೊಗ್ಗುಗಳ ಮನೆ, ತಂಟೆಗೆ ಹೋಗಬಾರದು. ಕಟ್ಟುಹಲ್ಲು ಇರುವವರು ರಾತ್ರಿ ತೆಗೆದು, ಸೋಪಿನಿಂದ ಉಜ್ಜಿ ನೀರಿನಲ್ಲಿಡಬೇಕು. ಪೇಸ್ಟ್ ಅದರ ಮೇಲೆ ಗೀರು ಹಾಕುತ್ತದೆ, ಗೀರಿನಲ್ಲಿ ಮತ್ತೆ ಕೊಳೆ ಕೂರುತ್ತದೆ.

ಮೌತ್‌ವಾಶ್‌ಗಳಲ್ಲಿ ಸತುವಿನ ಲವಣ ಇರುವಂಥವು ಗಂಧಕವನ್ನು ಹಿಡಿದಿಟ್ಟು ವಾಸನೆ ತಗ್ಗಿಸುತ್ತವೆ. ಕ್ಲೋರ್‌ಹೆಕ್ಸಿಡಿನ್ ಬ್ಯಾಕ್ಟೀರಿಯಾಗಳನ್ನೇ ಕೊಲ್ಲುತ್ತದೆ. 0.2 ಪ್ರತಿಶತದ್ದಾದರೆ 10 ಮಿಲಿಲೀಟರ್, ಒಂದು ನಿಮಿಷ, ದಿನಕ್ಕೆರಡು ಸಲ. ಆದರೆ ಇದು ಎರಡು ವಾರದ ಔಷಧ, ವರ್ಷಪೂರ್ತಿಯ ಅಭ್ಯಾಸವಲ್ಲ. ಹಲ್ಲಿಗೆ ಕಂದು ಬಣ್ಣ ಹಿಡಿಯುತ್ತದೆ, ರುಚಿ ಕೆಡುತ್ತದೆ, ಟಾರ್ಟರ್ ಹೆಚ್ಚುತ್ತದೆ. ಹಲ್ಲುಜ್ಜಿದ ಕೂಡಲೇ ಬಳಸಿದರೆ ಪೇಸ್ಟಿನ ನೊರೆಯ ಅಂಶ ಇದರ ಶಕ್ತಿ ಕುಂದಿಸುತ್ತದೆ, ನಡುವೆ ಅರ್ಧ ಗಂಟೆ ಬಿಡುವುದು ಒಳ್ಳೆಯದು. ವಾಸನೆಗೆಂದು ತಾವಾಗಿಯೇ ಆ್ಯಂಟಿಬಯಾಟಿಕ್ ನುಂಗುವುದಂತೂ ಬೇಡವೇ ಬೇಡ. ಕೆಲವು ದಿನ ವಾಸನೆ ಹೋಗುತ್ತದೆ, ಟಾರ್ಟರ್ ಮತ್ತು ಅದರ ಮೇಲಿನ ಪದರ ಅಲ್ಲೇ ಇರುವುದರಿಂದ ಮರಳಿ ಬರುತ್ತದೆ.

ವಸಡಲ್ಲದಿದ್ದರೆ

ಟಾನ್ಸಿಲ್ಲಿನ ಗುಳಿಗಳಲ್ಲಿ ಕಟ್ಟುವ ಬಿಳಿ ಉಂಡೆಗಳು, ಅರ್ಧ ಹುಟ್ಟಿದ ಬುದ್ಧಿಹಲ್ಲಿನ ಮೇಲಿನ ವಸಡಿನ ಹೊದಿಕೆ, ಸೈನಸ್ ಇವೂ ಕಾರಣವಾಗುತ್ತವೆ. ಪುಟ್ಟ ಮಗುವಿನ ಒಂದೇ ಹೊಳ್ಳೆಯಿಂದ ಗಬ್ಬು ವಾಸನೆಯ ಸುರಿತ ಇದ್ದರೆ ಒಳಗೆ ಏನಾದರೂ ಸಿಕ್ಕಿಕೊಂಡಿದೆಯೇ ನೋಡಿಸಬೇಕು. ಮಧುಮೇಹಿಗಳ ಉಸಿರಿನಲ್ಲಿ ನೈಲ್‌ಪಾಲಿಶ್ ರಿಮೂವರಿನಂಥ ವಾಸನೆ, ಜೊತೆಗೆ ವಾಂತಿ, ಸುಸ್ತು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ವಸಡಿನ ರಕ್ತಕ್ಕೂ ಬೇರೆ ಕಾರಣಗಳಿವೆ: ಬಸಿರು, ರಕ್ತ ತೆಳುವಾಗಿಸುವ ಮಾತ್ರೆ. ರಕ್ತದೊತ್ತಡದ ಅಮ್ಲೋಡಿಪಿನ್, ಮೂರ್ಛೆರೋಗದ ಫೆನಿಟಾಯಿನ್ ಮಾತ್ರೆಗಳಿಂದ ಕೆಲವರ ವಸಡು ಬೆಳೆದುಬಿಡುತ್ತದೆ. ಉಜ್ಜದೆಯೇ ತಾನಾಗಿ ರಕ್ತ ಸುರಿದರೆ, ಮೈಮೇಲೂ ಕಾರಣವಿಲ್ಲದೆ ಕಂದುಗಟ್ಟಿದರೆ ಮೊದಲು ರಕ್ತಪರೀಕ್ಷೆ ಆಗಬೇಕು.

ಅಳೆದು, ಮೂಸಿ, ಪರೀಕ್ಷಿಸಿ ವಾಸನೆ ಇಲ್ಲ ಎಂದು ಹೇಳಿದರೂ ಇದೆ ಎಂದೇ ನಂಬಿ ಒದ್ದಾಡುವವರಿದ್ದಾರೆ. ಎದುರಿನವರು ಮೂಗು ಉಜ್ಜಿಕೊಂಡರೂ ತಮ್ಮಿಂದಲೇ ಎಂದುಕೊಳ್ಳುತ್ತಾರೆ. ಅವರನ್ನು ಗದರಿಸಿ ಕಳಿಸುವುದು ತಪ್ಪು. ಆ ಸಂಕಟ ನಿಜ, ಅದಕ್ಕೆ ಮನೋವೈದ್ಯರ ನೆರವು ಬೇಕು, ಮತ್ತೊಂದು ಮೌತ್‌ವಾಶ್ ಅಲ್ಲ.

ಸ್ಕೇಲಿಂಗ್ ಆದ ಮೇಲೆ

"ಕ್ಲೀನಿಂಗ್ ಮಾಡಿಸಿದ್ರೆ ಹಲ್ಲು ಸಡಿಲ ಆಗುತ್ತೆ" ಎಂಬ ಮಾತಿನ ಹಿಂದೆ ಕಣ್ಣಾರೆ ಕಂಡ ಅನುಭವವಿದೆ, ಅದಕ್ಕೇ ಅದು ಸಾಯುವುದಿಲ್ಲ. ಮೂಳೆ ಕರಗಿದ ಹಲ್ಲುಗಳ ನಡುವೆ ಟಾರ್ಟರ್ ತುಂಬಿ ಅವುಗಳನ್ನು ಒಂದಕ್ಕೊಂದು ಕಟ್ಟಿಹಾಕಿರುತ್ತದೆ. ಅದನ್ನು ತೆಗೆದಾಗ ಮೊದಲೇ ಇದ್ದ ಸಡಿಲ ಗೊತ್ತಾಗುತ್ತದೆ. ಊದಿದ್ದ ವಸಡು ಇಳಿದು ಬಿಗಿಯಾಗುವುದರಿಂದ ಸಂದಿ ಕಾಣುತ್ತದೆ, ಬೇರು ತೆರೆದು ತಣ್ಣೀರಿಗೆ ಕೆಲವು ವಾರ ಜುಂ ಎನ್ನುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಬಂದವರು ಮರಳಿ ಬರುವುದಿಲ್ಲ, ಬೇರೆಯವರನ್ನೂ ಬರಗೊಡುವುದಿಲ್ಲ. ಹೇಳುವುದು ವೈದ್ಯರ ಹೊಣೆ.

ಪಾಕೆಟ್ ಇದ್ದವರಿಗೆ ವಸಡಿನ ಕೆಳಗೂ ಶುಚಿ ಮಾಡಬೇಕು, ಮರಗಟ್ಟಿಸಿ, ಬಾಯಿಯ ಒಂದೊಂದು ಭಾಗವಾಗಿ. ಆದ ಮೇಲೆ ಒಂದೂವರೆಯಿಂದ ಮೂರು ತಿಂಗಳು ಬಿಟ್ಟು ಮತ್ತೆ ಅಷ್ಟೂ ಕಡೆ ಅಳೆಯುತ್ತಾರೆ. ಐದು ಇದ್ದದ್ದು ಮೂರಕ್ಕೆ ಬಂದು ರಕ್ತ ನಿಂತಿದ್ದರೆ ಸಾಕು. ಆರಾಗಿಯೇ ಉಳಿದು ರಕ್ತ ಬರುತ್ತಿದ್ದರೆ ಮತ್ತೊಮ್ಮೆ ಶುಚಿ, ಇಲ್ಲವೇ ವಸಡು ತೆರೆದು ಮಾಡುವ ಚಿಕಿತ್ಸೆ. ಅಲ್ಲಿಂದ ಮುಂದೆ ಹೆಚ್ಚಿನವರನ್ನು ಮೂರು ತಿಂಗಳಿಗೊಮ್ಮೆ ಕರೆಯುತ್ತಾರೆ, ಪಾಕೆಟ್ಟಿನೊಳಗೆ ಹಳೆಯ ಬ್ಯಾಕ್ಟೀರಿಯಾಗಳು ಅಷ್ಟರಲ್ಲಿ ಮತ್ತೆ ಮನೆ ಮಾಡಲು ನೋಡುತ್ತಿರುತ್ತವೆ. ಪ್ರತಿ ಸಲವೂ ಕೇಳಿ ತಿಳಿದುಕೊಳ್ಳಿ: ಹಿಂದಿನ ಅಳತೆ ಎಷ್ಟಿತ್ತು, ಈಗ ಎಷ್ಟಿದೆ, ಯಾವ ಹಲ್ಲಿನ ಯಾವ ಬದಿಯಲ್ಲಿ ಇನ್ನೂ ರಕ್ತ ಬರುತ್ತಿದೆ, ಅಲ್ಲಿಗೆ ಯಾವ ಅಳತೆಯ ಬ್ರಷ್ ಹೋಗುತ್ತದೆ. ಆ ಬ್ರಷ್ಷನ್ನು ವೈದ್ಯರ ಮುಂದೆಯೇ, ಕನ್ನಡಿ ಹಿಡಿದು, ನಿಮ್ಮ ಕೈಯಿಂದಲೇ ಒಮ್ಮೆ ಹಾಕಿ ನೋಡಿ.